ಬಸುರಿನ ನಡುವಿನ ತಿಂಗಳುಗಳು

ಮನೆಯವರು ನನ್ನ ಬಸುರನ್ನು ತಿಂಗಳುಗಳಲ್ಲಿ ಎಣಿಸುತ್ತಿದ್ದರು, ವೈದ್ಯೆ ವಾರಗಳಲ್ಲಿ ಎಣಿಸುತ್ತಿದ್ದರು. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಿಡಿದರೆ 14ನೆಯ ವಾರದಿಂದ 27ನೆಯ ವಾರ ಮುಗಿಯುವವರೆಗಿನ ಅವಧಿಗೆ ಎರಡನೆಯ ತ್ರೈಮಾಸಿಕ ಎಂದು ಹೆಸರು. ಇನ್ನು ಹಾಯಾಗಿರುವ ಕಾಲ ಬಂತು ಎಂದು ಆಗ ನನಗೆ ಬಹಳ ಜನ ಹೇಳಿದರು. ಬಹುಪಾಲು ಹೆಂಗಸರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಹಾಯಾಗಿರಬೇಕಾದ ಕಾಲದಲ್ಲಿ ತಲೆ ಸುತ್ತಿದರೆ, ರಾತ್ರಿ ಕಾಲು ಸೆಳೆದರೆ, ಕಿಬ್ಬೊಟ್ಟೆಯ ಪಕ್ಕದಲ್ಲಿ ಚಳುಕು ಎದ್ದರೆ, ಅದನ್ನು ಬಾಯಿಬಿಟ್ಟು ಹೇಳಲು ಹಿಂಜರಿಕೆಯಾಗುತ್ತದೆ. ನಾನು ಹಾಗೆ ಹಿಂಜರಿದು ಕೆಲವು ವಾರ ಸುಮ್ಮನೆ ಹೆದರಿಕೊಂಡಿದ್ದೆ. ಆಗ ಯಾರಾದರೂ ಕೂರಿಸಿಕೊಂಡು ಕಾರಣಸಹಿತ ತಿಳಿಸಿದ್ದರೆ ಚೆನ್ನಾಗಿತ್ತು ಎನ್ನಿಸಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಬದಲಾವಣೆ ಸದ್ದಿಲ್ಲದೆ ಬರುತ್ತದೆ. ವಾಕರಿಕೆಗೆ ಸಂಬಂಧವಿದೆ ಎನ್ನಲಾಗುವ ಹೆಚ್‌ಸಿಜಿ ಎಂಬ ಹಾರ್ಮೋನು ಸುಮಾರು 10ನೆಯ ವಾರದ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟಿ ಅನಂತರ ಇಳಿಯುತ್ತದೆ. ಅದರ ಜೊತೆಗೆ ಸಂಕಟವೂ ಇಳಿದು, ಒಂದು ದಿನ ತಟ್ಟೆಯ ಮುಂದೆ ನೆಮ್ಮದಿಯಾಗಿ ಕುಳಿತಿದ್ದೇವೆ ಎಂಬುದು ತಾನಾಗಿ ಅರಿವಿಗೆ ಬರುತ್ತದೆ. ಕೆಲವರಿಗೆ ಈ ಸಂಕಟ 20ನೆಯ ವಾರದವರೆಗೂ ಇರುತ್ತದೆ, ಮತ್ತೆ ಕೆಲವರಿಗೆ ಹೆರಿಗೆಯವರೆಗೂ ಬಿಡುವುದಿಲ್ಲ. ಅಂಥವರಿಗೆ ಹಾಯಾದ ಕಾಲ ಎಂಬ ಮಾತು ನೋವನ್ನೇ ಹೆಚ್ಚಿಸುತ್ತದೆ ಎಂಬುದನ್ನು ಹತ್ತಿರದವರು ನೆನಪಿಡಬೇಕು.

ಮಗುವಿನ ಮಿಸುಕಾಟಕ್ಕಾಗಿ ಕಾಯುವುದೇ ಈ ತಿಂಗಳುಗಳ ಅತಿ ದೊಡ್ಡ ಕೆಲಸವೆಂದು ನನಗೆ ಅನ್ನಿಸಿತು. ಮೊದಲ ಬಸುರಿನಲ್ಲಿ ಅದು ಸಾಮಾನ್ಯವಾಗಿ 18ರಿಂದ 20ನೆಯ ವಾರದ ಸುಮಾರಿಗೆ ತಿಳಿಯುತ್ತದೆ. ಒಮ್ಮೆ ಹೆತ್ತವರು 16ನೆಯ ವಾರದಲ್ಲೇ ಗುರುತಿಸುವುದುಂಟು, ಏಕೆಂದರೆ ಹೊಟ್ಟೆಯಲ್ಲಿ ವಾಯು ಸರಿದಾಡುವುದಕ್ಕೂ ಮಗು ಹೊರಳುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಬಲ್ಲರು. ನನಗೆ 20 ವಾರ ತುಂಬಿದರೂ ಏನೂ ಗೊತ್ತಾಗಲಿಲ್ಲ. ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಸ್ಕ್ಯಾನ್ ಮಾಡಿಸಿದಾಗ ತಿಳಿದದ್ದು, ಮಾಸು ಗರ್ಭಕೋಶದ ಮುಂಭಾಗದ ಗೋಡೆಗೆ ಅಂಟಿಕೊಂಡಿದೆ, ಮಗು ಕೈಕಾಲು ಆಡಿಸಿದರೂ ಆ ದಪ್ಪನೆಯ ಪದರವೇ ಅದನ್ನು ತಡೆದುಕೊಳ್ಳುತ್ತಿದೆ ಎಂಬುದು. ಹಾಗಿದ್ದಾಗ ಮಿಸುಕಾಟ ತಡವಾಗಿ ತಿಳಿಯುವುದು ಸಹಜ. ಕೊನೆಗೆ 22ನೆಯ ವಾರದ ಒಂದು ಮಧ್ಯಾಹ್ನ ಹೊಕ್ಕುಳಿನ ಕೆಳಗೆ ಎಡಕ್ಕೆ, ಕಣ್ಣರೆಪ್ಪೆ ಅದುರಿದಷ್ಟು ಹಗುರವಾಗಿ ಏನೋ ತಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ಜಾಗದಲ್ಲಿ ಮತ್ತೆ ತಟ್ಟಿತು, ನನ್ನ ಕಣ್ಣು ತುಂಬಿತು. ಆದರೆ 24 ವಾರ ಕಳೆದರೂ ಒಮ್ಮೆಯೂ ಮಿಸುಕಾಟ ತಿಳಿಯದಿದ್ದರೆ ಕಾಯಬಾರದು, ವೈದ್ಯರಿಗೆ ತಿಳಿಸಬೇಕು.

ಅನಾಮಲಿ ಸ್ಕ್ಯಾನ್ ಎಂದು ಕರೆಯುವ ಆ ಪರೀಕ್ಷೆಯನ್ನು 18ರಿಂದ 22ನೆಯ ವಾರದೊಳಗೆ ಮಾಡುತ್ತಾರೆ. ಮಗುವಿನ ತಲೆ, ಬೆನ್ನುಮೂಳೆ, ಹೃದಯದ ಕೋಣೆಗಳು, ಮೂತ್ರಪಿಂಡ, ಕೈಕಾಲುಗಳ ಮೂಳೆ, ಸುತ್ತಲಿನ ನೀರು, ಮಾಸಿನ ಸ್ಥಾನ ಎಲ್ಲವನ್ನೂ ಒಂದೊಂದಾಗಿ ನೋಡಿ ಅಳೆಯುತ್ತಾರೆ. ಅಳೆಯುತ್ತಿರುವಾಗ ಸ್ಕ್ಯಾನ್ ಮಾಡುವವರು ಮಾತನಾಡುವುದಿಲ್ಲ. ಆ ಮೌನ ನನ್ನನ್ನು ಬಹಳ ಹೆದರಿಸಿತು, ಅದು ಬರೀ ಏಕಾಗ್ರತೆ ಎಂದು ಮೊದಲೇ ಗೊತ್ತಿದ್ದರೆ ಅಷ್ಟು ಕಂಗೆಡುತ್ತಿರಲಿಲ್ಲ. ಮಗು ತಿರುಗಿ ಮಲಗಿದ್ದರೆ ಸ್ವಲ್ಪ ನಡೆದಾಡಿ ಬರಲು ಹೇಳುತ್ತಾರೆ, ಇಲ್ಲವೇ ಇನ್ನೊಂದು ದಿನ ಬರಹೇಳುತ್ತಾರೆ. ಮಾಸು ಕೆಳಗಿದೆ ಎಂದು ವರದಿಯಲ್ಲಿ ಬಂದರೂ, ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ಮೇಲಕ್ಕೆ ಸರಿಯುತ್ತದೆ. ಈ ಸ್ಕ್ಯಾನ್ ಎಲ್ಲ ದೋಷಗಳನ್ನೂ ಹಿಡಿಯಲಾರದು ಎಂಬುದನ್ನೂ ತಿಳಿದು ಹೋಗುವುದು ಒಳ್ಳೆಯದು.

ಇನ್ನು ನಮ್ಮ ದೇಹದ ಮಾತು. ಬಸುರಿನಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಅದರಲ್ಲಿ ದ್ರವಭಾಗ ಕೆಂಪು ಕಣಗಳಿಗಿಂತ ಬೇಗ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಸ್ವಲ್ಪ ಕೆಳಗಿಳಿದಂತೆ ಕಾಣುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸಬೇಡಿ ಎನ್ನುವುದಕ್ಕೆ ಇದೊಂದು ಮುಖ್ಯ ಕಾರಣ. ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಈ ತಿಂಗಳುಗಳಲ್ಲಿ ತುಸು ಇಳಿಯುವುದರಿಂದ ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ. ಅಂಗಾತ ಮಲಗಿದಾಗ ತಲೆ ಸುತ್ತುವುದಕ್ಕೆ ಕಾರಣ ಬೇರೆ: ಭಾರವಾದ ಗರ್ಭಕೋಶವು ಕೆಳಗಿನಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿಯನ್ನು ಅದುಮುತ್ತದೆ, ಮಗ್ಗುಲಿಗೆ ಹೊರಳಿದರೆ ಸರಿಹೋಗುತ್ತದೆ. ಕೆಮ್ಮಿದಾಗ, ಮಗ್ಗುಲು ಬದಲಿಸಿದಾಗ ಕಿಬ್ಬೊಟ್ಟೆಯ ಪಕ್ಕದಲ್ಲಿ ಚುಚ್ಚಿದಂತಾಗುವುದು ಗರ್ಭಕೋಶವನ್ನು ಹಿಡಿದಿಟ್ಟ ಕಟ್ಟುಗಳು ಎಳೆಯುವುದರಿಂದ. ಅದು ಕ್ಷಣಕಾಲ ಇದ್ದು ಹೋಗುತ್ತದೆ. ಮೀನಖಂಡ ಸೆಳೆದರೆ ಕಾಲು ಚಾಚಿ ಪಾದದ ಬೆರಳುಗಳನ್ನು ಮೊಳಕಾಲಿನ ಕಡೆಗೆ ಬಾಗಿಸಬೇಕು. ಎದೆಯುರಿ, ಮಲಬದ್ಧತೆ, ಮೂಗು ಕಟ್ಟುವುದು, ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರುವುದು, ಹೊಕ್ಕುಳಿನಿಂದ ಕೆಳಗೆ ಕಪ್ಪು ಗೆರೆ ಮೂಡುವುದು, ಇವೆಲ್ಲವೂ ಬಹುತೇಕ ಹಾರ್ಮೋನುಗಳ ಕೆಲಸ.

24ರಿಂದ 28ನೆಯ ವಾರದ ನಡುವೆ ಸಕ್ಕರೆಯ ದ್ರಾವಣ ಕುಡಿಸಿ ರಕ್ತ ಪರೀಕ್ಷಿಸುತ್ತಾರೆ. ಮಾಸಿನಿಂದ ಹೊರಡುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುವುದು ಈ ಹೊತ್ತಿಗೆ ಹೆಚ್ಚುತ್ತದೆ. ನನಗೆ ಗೊತ್ತಿರುವ ಒಬ್ಬರಿಗೆ ಈ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಬಂದಾಗ ತಾನೇ ಏನೋ ತಪ್ಪು ತಿಂದೆ ಎಂದು ಬಹಳ ನೊಂದುಕೊಂಡರು. ಅದು ಅವರ ತಪ್ಪಾಗಿರಲಿಲ್ಲ.

ಯಾವುದಕ್ಕೆ ಕಾಯಬಾರದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ರಕ್ತ ಹೋದರೆ, ನೀರು ಸೋರಿದರೆ, ಹೊಟ್ಟೆ ಲಯಬದ್ಧವಾಗಿ ಬಿಗಿದು ಸಡಿಲವಾಗುತ್ತ ನೋವು ಕೊಟ್ಟರೆ, ಜ್ವರ ಬಂದರೆ, ರೂಢಿಯಾಗಿದ್ದ ಮಿಸುಕಾಟ ಕಡಿಮೆಯಾದರೆ ಅದೇ ದಿನ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. 20ನೆಯ ವಾರದ ನಂತರ ರಕ್ತದೊತ್ತಡ ಏರುವ ತೊಂದರೆ ಕಾಣಿಸಿಕೊಳ್ಳಬಹುದು. ಬಿಡದ ತಲೆನೋವು, ಮಂಜಾಗುವ ದೃಷ್ಟಿ, ಪಕ್ಕೆಲುಬಿನ ಕೆಳಗಿನ ನೋವು, ಮುಖ ಮತ್ತು ಕೈಗಳು ದಿಢೀರನೆ ಊದಿಕೊಳ್ಳುವುದು ಅದರ ಸೂಚನೆಗಳು. ರಾತ್ರಿಯಾಗಿದೆ, ಬೆಳಗಾಗಲಿ ಎಂದುಕೊಳ್ಳಬೇಡಿ.

20ನೆಯ ವಾರದಲ್ಲಿ ಗರ್ಭಕೋಶದ ಮೇಲಂಚು ಹೊಕ್ಕುಳಿನ ಮಟ್ಟಕ್ಕೆ ಬಂದಿರುತ್ತದೆ, ಮಗು ಸುಮಾರು 300 ಗ್ರಾಂ ತೂಗುತ್ತದೆ. ಆ ವಾರದಿಂದ ಮುಂದೆ, ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ಗರ್ಭಕೋಶದ ಮೇಲಂಚಿನವರೆಗೆ ಟೇಪು ಹಿಡಿದು ಅಳೆದರೆ ಸೆಂಟಿಮೀಟರುಗಳ ಸಂಖ್ಯೆ ವಾರಗಳ ಸಂಖ್ಯೆಗೆ ಹತ್ತಿರವಿರುತ್ತದೆ. 27ನೆಯ ವಾರದ ಕೊನೆಗೆ, ಮಗು ಸುಮಾರು ಒಂದು ಕಿಲೋ ಮುಟ್ಟುತ್ತಿದ್ದಾಗ, ವೈದ್ಯೆ ನನ್ನ ಹೊಟ್ಟೆಯ ಮೇಲೆ ಟೇಪು ಹರಡಿದರು. ಅವರು ಅಂಕಿ ಓದುವ ಮೊದಲೇ ಒಳಗಿನಿಂದ ಒಂದು ಒದೆತ ಬಿದ್ದು ಟೇಪು ಕದಲಿತು. ಇಬ್ಬರೂ ಅದು ಶಾಂತವಾಗುವವರೆಗೆ ಕಾದೆವು. ಅಳತೆ 27 ಬಂತು.