ಅಟ್ಟದ ಮೇಲಿನ ಚೈನ್ ಸಾ

ಮಂಡ್ಯ ಕಡೆ ತೋಟದ ಮನೆಗಳ ಅಟ್ಟದಲ್ಲಿ ಧೂಳು ಹಿಡಿದ ಚೈನ್ ಸಾ (ಮರ ಕೊಯ್ಯೋ ಪೆಟ್ರೋಲ್ ಮಿಷನ್) ಕಂಡರೆ ಸಂಕಟ ಆಗುತ್ತೆ. ದುಡಿದು ಸವೆದವಕ್ಕಿಂತ ಸುಮ್ಮನೆ ಕೂತು ಕೆಟ್ಟವೇ ಜಾಸ್ತಿ ಅನ್ನಿಸುತ್ತೆ.

ಗುಜರಿಗೆ ಹಾಕೋ ಮುಂಚೆ ಸೈಲೆನ್ಸರ್ ಬಿಚ್ಚಿ, ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಮೈ ನುಣ್ಣಗಿದ್ದರೆ ಮಿಷನ್ ಬದುಕಿದೆ. ಉದ್ದುದ್ದ ಗೀರಿದ್ದರೆ ಖರ್ಚು ದೊಡ್ಡದು.

ಬಹುಪಾಲು ತೊಂದರೆ ರಬ್ಬರಿನದು. ಉಳಿದ ಪೆಟ್ರೋಲ್ ಅಂಟಾಗಿ ಪೈಪ್ ಬಿರುಕು ಬಿಟ್ಟಿರುತ್ತೆ, ಕಾರ್ಬುರೇಟರ್ ಒಳಗಿನ ಡಯಾಫ್ರಾಮ್ ಅನ್ನೋ ತೆಳು ಪೊರೆ ಒಣಗಿದ ಬಾಳೆಪಟ್ಟೆ ಥರ ಸೆಟೆದಿರುತ್ತೆ. ಪೈಪ್, ಟ್ಯಾಂಕ್ ಫಿಲ್ಟರ್, ಡಯಾಫ್ರಾಮ್ ಮೂರನ್ನೂ ಒಟ್ಟಿಗೇ ಬದಲಿಸಿ. ಒಡೆದ ಪೈಪ್ ಗಾಳಿ ಎಳೆದರೆ ಪೆಟ್ರೋಲ್ ಜೊತೆ ಅದರಲ್ಲಿ ಬೆರೆಸಿದ ಆಯಿಲೂ ಕಮ್ಮಿಯಾಗಿ ಪಿಸ್ಟನ್ ಉಜ್ಜಿಹೋಗುತ್ತೆ. ಪೆಟ್ರೋಲ್-ಆಯಿಲ್ ಬೆರಕೆ ಕಂಪನಿ 50:1 ಅಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ-ಟಿ ಆಯಿಲ್, 25:1 ಅಂದಿದ್ದರೆ 40. ಸ್ಪಾರ್ಕ್ ಪ್ಲಗ್ ತುದಿಯ ಗ್ಯಾಪ್ ಸಾಮಾನ್ಯವಾಗಿ 0.5 ಮಿ.ಮೀ.

ತೆಂಗಿನ ಮರ ಚೈನನ್ನು ಬೇಗ ಮೊಂಡು ಮಾಡುತ್ತೆ. .325 ಇಂಚು ಪಿಚ್ (ಕೊಂಡಿಗಳ ಅಂತರ) ಇರೋ ಚೈನಿಗೆ 4.8 ಮಿ.ಮೀ. ಗುಂಡು ಅರ, ಹಲ್ಲಿಗೆ ಮೂರೋ ನಾಲ್ಕೋ ಸಲ, ಎಲ್ಲಕ್ಕೂ ಒಂದೇ ಲೆಕ್ಕ. ಒಂದು ಮಗ್ಗುಲಿನ ಹಲ್ಲು ಗಿಡ್ಡವಾದರೆ ಕೊಯ್ತ ಓರೆ ಹೋಗುತ್ತೆ.

ಚೈನ್ ಸುತ್ತೋ ಉದ್ದ ಪಟ್ಟಿಯೇ ಬಾರ್, ಅದರ ಆಯಿಲ್ ತೂತು ಕಡ್ಡಿಯಿಂದ ಬಿಡಿಸಿ. ಸ್ಟಾರ್ಟ್ ಆದ ಮೇಲೆ ಬಾರಿನ ತುದಿಯನ್ನು ರಟ್ಟಿನ ಎದುರು ಹಿಡಿದು ರೇಸ್ ಕೊಡಿ. ರಟ್ಟಿನ ಮೇಲೆ ಆಯಿಲ್ ಗೆರೆ ಬೀಳದಿದ್ದರೆ ಮರಕ್ಕೆ ಇಡಬೇಡಿ.