ಬಿಟ್ಟುಬಿಡಿ ಎಂದ ಪುಟ

“ಈ ಒಂದು ಪುಟವನ್ನು ಬಿಟ್ಟು ಉಳಿದವನ್ನು ಮಾತ್ರ ಮುದ್ರಿಸಿಕೊಡಲು ಆಗುತ್ತದೆಯೇ?” ಎಂದು ಹಿರಿಯರೊಬ್ಬರು ಕೇಳಿದ್ದು ಕಳೆದ ಮಂಗಳವಾರ. ಕೇಳಿದ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಅಷ್ಟಾಗಿ ಕಾಣಲಿಲ್ಲ. ಹೋಟೆಲಿನಲ್ಲಿ ಕೂತು ಪಲ್ಯ ಬೇಡ, ಚಟ್ನಿ ಸಾಕು ಎನ್ನುವವರ ಸಹಜತೆ ಇತ್ತು. ವಾರವೆಲ್ಲ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ.

ಕೆನಡಾದಿಂದ ಬಂದಿದ್ದ ಆ ಹಿರಿಯರು ಎಡಿನ್‌ಬರೋದಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿಗೆ ದೂರದ ಸಂಬಂಧಿ. ಅಜ್ಜಿಗೆ ಈಗ ಪರದೆಯ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲವಾದ್ದರಿಂದ, ಅವರಿಗೂ ಅವರ ಪತ್ನಿಗೂ ಜೊತೆಯಾಗಿ ಪ್ರಿನ್ಸಸ್ ಸ್ಟ್ರೀಟಿನ ರಿಜಿಸ್ಟರ್ ಹೌಸಿಗೆ ನಾನು ಹೋಗಬೇಕಾಯಿತು. ಕುದುರೆಯೇರಿದ ವೆಲಿಂಗ್ಟನ್ ಪ್ರತಿಮೆಯ ಹಿಂದಿರುವ, ರಾಬರ್ಟ್ ಆಡಮ್ ವಿನ್ಯಾಸ ಮಾಡಿದ ಆ ಕಟ್ಟಡದಲ್ಲಿ ಇಡೀ ಸ್ಕಾಟ್ಲೆಂಡಿನ ಹುಟ್ಟು, ಮದುವೆ, ಸಾವುಗಳನ್ನು ಕೂತಲ್ಲೇ ಹುಡುಕಬಹುದು. ಬೇಸಿಗೆಯಲ್ಲಿ ಅಲ್ಲಿಗೆ ಬರುವವರಲ್ಲಿ ಸ್ಥಳೀಯರಿಗಿಂತ ಕೆನಡಾ, ಅಮೆರಿಕ, ಆಸ್ಟ್ರೇಲಿಯಾದವರ ಮಾತೇ ನನ್ನ ಕಿವಿಗೆ ಹೆಚ್ಚು ಬೀಳುತ್ತದೆ.

ಹಿರಿಯರ ಅಡ್ಡಹೆಸರು ಮ್ಯಾಕ್‌ಗ್ರೆಗರ್. ಕೊರಳಲ್ಲಿ ಕೆಂಪು ಹಸಿರು ಚೌಕಳಿಯ ಟಾರ್ಟನ್ ಟೈ, ಬೆರಳಲ್ಲಿ ಕುಲದ ಧ್ಯೇಯವಾಕ್ಯ ಕೆತ್ತಿಸಿದ ಉಂಗುರ. ‘ನನ್ನ ಕುಲ ರಾಜಕುಲ’ ಎಂಬುದು ಆ ವಾಕ್ಯದ ತಾತ್ಪರ್ಯ. ಬಸ್ಸಿನಲ್ಲಿ ಕೂತಾಗಿನಿಂದ ಅವರು ಹೇಳಿದ್ದು ಇದೇ ಕಥೆ: 1603ರಲ್ಲಿ ಆರನೆಯ ಜೇಮ್ಸ್ ದೊರೆ ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ ನಿಷೇಧಿಸಿ, ಆ ಹೆಸರು ಇಟ್ಟುಕೊಂಡವರಿಗೆ ಮರಣದಂಡನೆ ಎಂದು ಸಾರಿದ್ದು, 1661ರಲ್ಲಿ ಸಡಿಲಾದ ನಿಷೇಧ 1693ರಲ್ಲಿ ಮತ್ತೆ ಜಾರಿಯಾಗಿ 1774ರವರೆಗೆ ಉಳಿದದ್ದು, ಇಷ್ಟಾದರೂ ತಮ್ಮ ವಂಶ ಹೆಸರು ಬಿಡದೆ ಬಂದದ್ದು. ಸಭ್ಯರು, ಹೆಂಡತಿಗೆ ಬಾಗಿಲು ಹಿಡಿದು ನಿಲ್ಲುವವರು. ಆದರೆ ಆಕೆ ಮಾತು ಶುರು ಮಾಡಿದರೆ ಮುಗಿಸಲು ಬಿಡುವವರಲ್ಲ. ಅವರ ಸೋದರತ್ತೆ ಕೈಯಾರೆ ಬರೆದ ವಂಶವೃಕ್ಷವೊಂದು ಪ್ಲಾಸ್ಟಿಕ್ ಹೊದಿಕೆಯೊಳಗೆ ಭದ್ರವಾಗಿತ್ತು. ಅದರ ಪ್ರಕಾರ ಅವರ ಮುತ್ತಜ್ಜನ ತಂದೆ ಕುಲನಾಯಕನ ಮನೆತನಕ್ಕೆ ಸೇರಿದ ಜಮೀನ್ದಾರ. ಅದಕ್ಕೊಂದು ಸರಕಾರಿ ಮುದ್ರೆ ಸಿಕ್ಕರೆ ಸಾಕೆಂದು ಸಾಗರ ದಾಟಿ ಬಂದಿದ್ದರು.

ಸ್ಕಾಟ್ಲೆಂಡಿನ ದಾಖಲೆಗಳ ಗುಣವೇನೆಂದರೆ, ಅವು ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತವೆ. ಇಲ್ಲಿ ಕಡ್ಡಾಯ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನದಕ್ಕೆ ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ, ಹಳೆಯ ಪುಸ್ತಕಗಳೇ ಗತಿ. ಆ ಮೊದಲ ವರ್ಷದ ನಮೂನೆಯಲ್ಲಂತೂ ತಂದೆತಾಯಿಯ ವಯಸ್ಸು, ಹುಟ್ಟೂರು, ಹಿಂದೆ ಹುಟ್ಟಿದ ಮಕ್ಕಳ ಲೆಕ್ಕ ಎಲ್ಲವನ್ನೂ ತುಂಬಿಸಿದ್ದರು. ಬರೆಯುವ ಗುಮಾಸ್ತರ ಕೈ ಸೋತಿತೇನೋ, ಮರುವರ್ಷವೇ ಅದನ್ನು ಮೊಟಕುಗೊಳಿಸಿದರು. ಆದರೆ ಒಂದನ್ನು ಕೈಬಿಡಲಿಲ್ಲ. ಹುಟ್ಟಿನಲ್ಲಿ, ಮದುವೆಯಲ್ಲಿ, ಸಾವಿನಲ್ಲಿಯೂ ತಾಯಿಯ ಹೆಸರನ್ನು ಆಕೆಯ ತವರಿನ ಅಡ್ಡಹೆಸರಿನ ಸಮೇತ ಬರೆಯಲೇಬೇಕು. ಹೀಗಾಗಿ ಇಲ್ಲಿ ವಂಶ ಹುಡುಕುವವನು ಬೇಕೆಂದರೂ ಬೇಡವೆಂದರೂ ಹೆಂಗಸರನ್ನು ಭೇಟಿಯಾಗದೆ ಮುಂದೆ ಹೋಗಲಾರ.

ಮುತ್ತಜ್ಜನ ಹುಟ್ಟಿನ ದಾಖಲೆ ಬೇಗನೆ ಸಿಕ್ಕಿತು. 1867, ಪರ್ತ್‌ಶೈರಿನ ಕ್ಯಾಲಂಡರ್ ಎಂಬ ಊರಿನ ಪ್ಯಾರಿಷ್. ಪರದೆಯ ಮೇಲೆ ಆ ಪುಟ ಮೂಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಗುವಿನ ಹೆಸರಿನ ಕೆಳಗೆ ನೀಟಾದ ಅಕ್ಷರಗಳಲ್ಲಿ ಬರೆದಿದ್ದ ‘ಅಕ್ರಮ ಸಂತಾನ’ ಎಂಬ ಒಕ್ಕಣೆ. ತಂದೆಯ ಹೆಸರಿರಬೇಕಾದಲ್ಲಿ ಏನೂ ಇಲ್ಲ. ತಾಯಿ ಮನೆಗೆಲಸದವಳು, ಅಡ್ಡಹೆಸರು ಮ್ಯಾಕ್‌ಗ್ರೆಗರ್. ಕೊನೆಯ ಕಾಲಂನಲ್ಲಿ ಮಾಹಿತಿ ಕೊಟ್ಟವರ ಸಹಿ ಇರುತ್ತದೆ. ಅಲ್ಲಿ ರಿಜಿಸ್ಟ್ರಾರ್ ಆಕೆಯ ಹೆಸರನ್ನು ತಾನೇ ಬರೆದು, ನಡುವೆ ಜಾಗ ಬಿಟ್ಟಿದ್ದ. ಆ ಜಾಗದಲ್ಲಿ ಒಂದು ಗುಣಾಕಾರದ ಗುರುತು. ಒಂದು ಗೆರೆ ಉದ್ದ, ಇನ್ನೊಂದು ಗಿಡ್ಡ. ಉದ್ದದ ಗೆರೆಯ ತುದಿಯಲ್ಲಿ ಶಾಯಿ ತುಸು ಒಡೆದಿತ್ತು. ಲೇಖನಿ ಹಿಡಿದು ರೂಢಿಯಿಲ್ಲದ ಕೈ ಅದು. ಹೆತ್ತು ಎದ್ದವಳು ತಾನೇ ರಿಜಿಸ್ಟ್ರಾರನ ಮುಂದೆ ನಿಂತು ಅದನ್ನು ಹಾಕಿದ್ದಳು. ಅಂದಿನ ಕಾನೂನಿನಂತೆ, ತಂದೆಯೂ ಜೊತೆಗೆ ಬಂದು ಸಹಿ ಹಾಕಲು ಒಪ್ಪಿದ್ದರೆ ಮಾತ್ರ ಅವನ ಹೆಸರನ್ನು ಬರೆಯಬಹುದಿತ್ತು. ಅವನು ಬಂದಿರಲಿಲ್ಲ.

ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಕೆಯ ತಂದೆತಾಯಿ, ಅವರ ಹಿಂದಿನವರು, ಮ್ಯಾಕ್‌ಗ್ರೆಗರರ ಹಳೆಯ ನೆಲೆಯಾದ ಬಾಲ್ಕ್‌ವಿಡರ್ ಕಡೆಯ ದೀಕ್ಷಾಸ್ನಾನದ ದಾಖಲೆಗಳು, ಎಲ್ಲವೂ ಮಧ್ಯಾಹ್ನದೊಳಗೆ ಒಂದರ ಹಿಂದೊಂದು ಸಿಕ್ಕವು, ಎಲ್ಲರೂ ಮ್ಯಾಕ್‌ಗ್ರೆಗರರೇ. ಅವರ ಮುಖ ಮತ್ತೆ ಅರಳಿತು. ಮುದ್ರಿಸುವ ಹೊತ್ತಿಗೆ ಅಲ್ಲಿಯ ಸಿಬ್ಬಂದಿಯ ಯುವಕನನ್ನು ಕರೆದು ಆ ಪ್ರಶ್ನೆ ಕೇಳಿದ್ದು ಆಗಲೇ. ಯುವಕ ಸ್ವಲ್ಪವೂ ತಡವರಿಸಲಿಲ್ಲ. “ಬಿಡುವುದು ನಿಮ್ಮ ಇಷ್ಟ, ಸರ್. ಆದರೆ ಅದನ್ನು ಬಿಟ್ಟರೆ, ಅದರ ಮೇಲಿರುವವರು ಯಾರೂ ನಿಮಗೆ ಏನೂ ಆಗಬೇಕಾದವರಲ್ಲ” ಎಂದ. ಇಂಥ ಪ್ರಶ್ನೆ ಅವನಿಗೆ ಹೊಸದಲ್ಲವೆಂದು ಆ ಉತ್ತರದ ಸಲೀಸಿನಿಂದಲೇ ತಿಳಿಯುತ್ತಿತ್ತು.

ಏನೂ ಆಗಬೇಕಾದವರಲ್ಲ. ಲೆಕ್ಕಕ್ಕೆ ನೋಡಿದರೆ ಎಷ್ಟು ಸರಿ! ಹಿರಿಯರಿಗೆ ಆ ಅಡ್ಡಹೆಸರು ಬಂದದ್ದು ಅವಳಿಂದ, ಬಾಲ್ಕ್‌ವಿಡರಿನ ನಂಟು ಬಂದದ್ದು ಅವಳಿಂದ. ಟೈ ಕಟ್ಟುವ ಅಧಿಕಾರವೂ, ಹಾಗೆಂದು ಒಂದಿದ್ದರೆ, ಅವಳಿಂದಲೇ. ಅವರು ನಾಚಿಕೊಂಡದ್ದು ತಮಗೆ ಏನನ್ನೂ ಕೊಡದೆ ಹೋದವನ ಬಗ್ಗೆ, ಕೈಬಿಡಲು ಹೊರಟದ್ದು ಎಲ್ಲವನ್ನೂ ಕೊಟ್ಟವಳನ್ನು. ಅಲ್ಲದೆ ಇದು ಎಲ್ಲೋ ಒಂದು ಮನೆಯಲ್ಲಿ ನಡೆದ ಅಪರೂಪದ ಸಂಗತಿಯೂ ಅಲ್ಲ. 1860ರ ದಶಕದ ಸ್ಕಾಟ್ಲೆಂಡಿನಲ್ಲಿ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮದುವೆಯಾಚೆ ಹುಟ್ಟಿದ್ದು. ಹೊಲಮನೆಗಳಲ್ಲಿ ಆರು ತಿಂಗಳ ಕರಾರಿನ ಮೇಲೆ ದುಡಿಯುವ ಹುಡುಗ ಹುಡುಗಿಯರ ನಾಡು ಅದು; ಕರಾರು ಮುಗಿದೊಡನೆ ಹುಡುಗ ಮುಂದಿನ ಊರಿಗೆ ನಡೆದರೆ ಕೇಳುವವರಿರಲಿಲ್ಲ.

ಮ್ಯಾಕ್‌ಗ್ರೆಗರರಿಗಾದರೂ ಗಂಡುಸಂತತಿಯ ಶುದ್ಧಿಯ ಮಾತು ಒಪ್ಪುವುದೇ ಇಲ್ಲ. ಹೆಸರು ನಿಷೇಧವಾಗಿದ್ದ ಕಾಲದಲ್ಲಿ ಅವರು ಕ್ಯಾಂಬೆಲ್, ಮರ್ರೆ, ಗ್ರಾಂಟ್, ಡ್ರಮಂಡ್ ಎಂದು ಕೈಗೆ ಸಿಕ್ಕ ಹೆಸರುಗಳಲ್ಲಿ ಅಡಗಿ ಬದುಕಿದವರು. 1734ರಲ್ಲಿ ತೀರಿಕೊಂಡು ಬಾಲ್ಕ್‌ವಿಡರಿನಲ್ಲಿ ಮಣ್ಣಾಗಿರುವ ರಾಬ್ ರಾಯ್, ಈ ಕುಲದ ಅತ್ಯಂತ ಪ್ರಸಿದ್ಧ ಪುರುಷ, ನಿಷೇಧದ ವರ್ಷಗಳಲ್ಲಿ ಬಳಸಿದ್ದು ಕ್ಯಾಂಬೆಲ್ ಎಂಬ ಹೆಸರನ್ನು. ಅದು ಅವನ ತಾಯಿಯ ತವರಿನ ಹೆಸರು. ನಿಷೇಧ ತೆರವಾದ ಮೇಲೆ 826 ಮಂದಿ ಸಹಿ ಹಾಕಿ ಕುಲನಾಯಕನೆಂದು ಒಪ್ಪಿಕೊಂಡ ವ್ಯಕ್ತಿ ಅಷ್ಟು ದಿನ ಮರ್ರೆ ಎಂದೇ ಕರೆಸಿಕೊಂಡಿದ್ದವನು, ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಸೇವೆ ಮಾಡಿದ್ದವನು. ಕುಲವೆಂದರೆ ಬರೀ ರಕ್ತವಾಗಿದ್ದರೆ ಸಹಿ ಸಂಗ್ರಹಿಸುವ ಅಗತ್ಯವೇನಿತ್ತು? ನಾಯಕನ ನೆಲದಲ್ಲಿ ಬಿತ್ತಿ, ಅವನ ರಕ್ಷಣೆ ಬೇಡಿ, ಅವನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಬಡವರು ಎಲ್ಲ ಕುಲಗಳಲ್ಲೂ ತುಂಬಿದ್ದಾರೆ. ಇನ್ನು ಕುಲಕ್ಕೊಂದು ಟಾರ್ಟನ್ ಎಂಬುದು ಬಹುಮಟ್ಟಿಗೆ 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗಿನ ಸಂಭ್ರಮದಿಂದೀಚೆಗೆ ಬೆಳೆದ ಪದ್ಧತಿ. ‘ನಿಮ್ಮ ಮನೆತನದ ಲಾಂಛನ’ ಎಂದು ರಾಯಲ್ ಮೈಲ್ ಬೀದಿಯಲ್ಲಿ ಮಾರುವ ಚೌಕಟ್ಟುಗಳನ್ನಂತೂ ಏನೆನ್ನಲಿ. ಇಲ್ಲಿಯ ಕಾನೂನಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಸೇರಿದ್ದೇ ಹೊರತು ಮನೆತನಕ್ಕಲ್ಲ.

ಇದನ್ನೆಲ್ಲ ಹಿರಿಯರಿಗೆ ಹೇಳುವ ಮನಸ್ಸಾದರೂ ನಾನು ಹೇಳಲಿಲ್ಲ. ನಮ್ಮ ಬಾಗಲಕೋಟೆ ಕಡೆಯ ಮನೆಗೆ ಬರುತ್ತಿದ್ದ ಹೆಳವ ಕಟ್ಟೆಯ ಮೇಲೆ ಕೂತು, ಹೊತ್ತಿಗೆ ಬಿಚ್ಚಿ, ನಮ್ಮ ಮನೆತನದ ಹಿರಿಯರನ್ನು ತಲೆತಲಾಂತರದಿಂದ ಹೆಸರು ಹಿಡಿದು ಹೊಗಳುವಾಗ ನಾವೆಲ್ಲ ಉಬ್ಬಿ ಹೋಗುತ್ತಿದ್ದೆವು. ಕಾಳು, ಬಟ್ಟೆ ಕೊಟ್ಟು ಕಳಿಸಿದ ಮೇಲೆ ಒಮ್ಮೆ ನಮ್ಮ ಅಮ್ಮ, “ಇಷ್ಟು ಮಂದಿ ಗಂಡಸರು ಗಿಡದಾಗಿಂದ ಉದುರಿ ಬಿದ್ದರೇನು?” ಎಂದಿದ್ದಳು. ಅಂದು ನಕ್ಕವರಲ್ಲಿ ನಾನೂ ಒಬ್ಬಳು. ಅವನು ಓದಿದ್ದರಲ್ಲಿ ನನ್ನ ಅತ್ತೆಯಂದಿರ ಹೆಸರು ಒಂದೂ ಇರಲಿಲ್ಲ. ಹಾಗಿರುವಾಗ ಕೆನಡಾದವರೊಬ್ಬರೇ ಈ ರೋಗಕ್ಕೆ ಗುರಿಯಾದವರೆಂದು ಮೂಗು ಮುರಿಯುವುದು ನ್ಯಾಯವಲ್ಲ. ಆದರೂ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ: ಹೆಳವನ ಹೊತ್ತಿಗೆಯಲ್ಲಿ ಅಜ್ಜಿಯರು ಇರಲೇ ಇಲ್ಲ, ಇವರ ಪುಟದಲ್ಲಿ ಅವಳು ಇದ್ದಳು. ಇದ್ದವಳನ್ನು ತೆಗೆಯಲು ಮನಸ್ಸು ಬೇಕಾಗುತ್ತದೆ.

ಯುವಕನ ಮಾತಿನ ನಂತರ ಹಿರಿಯರು ಉತ್ತರಿಸದೆ ಕಾಫಿಗೆಂದು ಹೊರಟರು. ಅದುವರೆಗೆ ಸುಮ್ಮನಿದ್ದ ಅವರ ಪತ್ನಿ ನನ್ನತ್ತ ತಿರುಗಿ, “1871ರ ಜನಗಣತಿ ತೆಗೆಯುತ್ತೀಯಾ, ಮಗುವನ್ನು ಯಾರು ಸಾಕಿದರೋ ನೋಡೋಣ” ಎಂದರು. ಎಷ್ಟು ಸರಿಯಾದ ಪ್ರಶ್ನೆ! ದಿನವಿಡೀ ನನಗಾಗಲಿ ಅವರ ಗಂಡನಿಗಾಗಲಿ ಹೊಳೆದಿರಲಿಲ್ಲ. ತೆಗೆದು ನೋಡಿದರೆ, ನಾಲ್ಕು ವರ್ಷದ ಹುಡುಗ ಅಜ್ಜಿಯ ಮನೆಯಲ್ಲಿದ್ದ; ಯಜಮಾನಿಯ ಜಾಗದಲ್ಲಿ ವಿಧವೆಯಾದ ಅಜ್ಜಿ, ಅವಳ ಕೆಳಗೆ ಇಬ್ಬರು ಚಿಕ್ಕಮ್ಮಂದಿರು, ಕೊನೆಗೆ ‘ಮೊಮ್ಮಗ’ ಎಂದು ಅವನು. ಅವನ ತಾಯಿ ಆ ಮನೆಯಲ್ಲಿರಲಿಲ್ಲ, ಇನ್ನೆಲ್ಲೋ ಕೆಲಸಕ್ಕಿದ್ದಿರಬೇಕು. ಆಕೆ ಎರಡೂ ಪುಟಗಳನ್ನು ಮುದ್ರಿಸಿಕೊಂಡು ತಮ್ಮ ಚೀಲದಲ್ಲಿ ಇಟ್ಟುಕೊಂಡರು. ಗಂಡನಿಗೆ ಹೇಳಿದರೋ ಇಲ್ಲವೋ, ನಾನು ಕೇಳಲಿಲ್ಲ.

ನಿನ್ನೆ ಕೆಳಗಿನ ಮನೆಯ ಅಜ್ಜಿ ಹೊಸ ರಾಗ ಎತ್ತಿದ್ದಾರೆ. ಆ ಕಾಲದಲ್ಲಿ ಚರ್ಚಿನ ಹಿರಿಯರು ಇಂಥ ಹುಡುಗಿಯರನ್ನು ಕರೆಸಿ, ತಂದೆ ಯಾರೆಂದು ವಿಚಾರಿಸಿ ನಡಾವಳಿ ಪುಸ್ತಕದಲ್ಲಿ ಬರೆದಿಡುತ್ತಿದ್ದುದುಂಟು; ಶೆರಿಫ್ ನ್ಯಾಯಾಲಯದಲ್ಲಿ ಜೀವನಾಂಶಕ್ಕೆ ದಾವೆ ಹೂಡಿ ಗೆದ್ದವರೂ ಇದ್ದಾರೆ. ಅಲ್ಲಿ ಅವನ ಹೆಸರು ಸಿಗಬಹುದು, ಪಾಪ ಅವರು ಅಷ್ಟು ದೂರದಿಂದ ಬಂದಿದ್ದಾರೆ, ಹುಡುಕಿಕೊಡು ಎನ್ನುತ್ತಾರೆ. ಹುಡುಕುವುದು ಕಷ್ಟವಲ್ಲ. ಆದರೆ ಇಲ್ಲಿಯ ಮರಣದ ಸೂಚಿಯಲ್ಲಿ ಮದುವೆಯಾದ ಹೆಂಗಸರನ್ನು ತವರಿನ ಹೆಸರಿನಿಂದಲೂ ಹುಡುಕಬಹುದಾದ್ದರಿಂದ, ಅವಳು ಮುಂದೆ ಮದುವೆಯಾಗಿದ್ದರೂ ಆಗದಿದ್ದರೂ ಅದರಲ್ಲಿ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಅವಳು ಎಷ್ಟು ವರ್ಷ ಬದುಕಿದಳು, ಯಾವ ಊರಿನಲ್ಲಿ ತೀರಿಕೊಂಡಳು, ಸಾವಿನ ಸುದ್ದಿ ಕೊಟ್ಟು ಸಹಿ ಹಾಕಿದವರು ಯಾರು ಎಂಬುದನ್ನು ಮೊದಲು ನೋಡುತ್ತೇನೆ, ಅವನ ಹೆಸರು ಆಮೇಲೆ ಎಂದು ಅಜ್ಜಿಗೆ ಹೇಳಿದ್ದೇನೆ. ಅವರಿಗೆ ಅಷ್ಟು ಹಿಡಿಸಿದಂತಿಲ್ಲ.