ಮುಂದೆ ಹೋಗದ ಸ್ಯಾಕ್ಸೋಫೋನ್

ಅಮೆರಿಕದ ರ್‍ಯಾಪ್ ಜೋಡಿ ಪೀಟ್ ರಾಕ್ ಮತ್ತು ಸಿ.ಎಲ್. ಸ್ಮೂತ್ ಅವರ 1992ರ ಹಾಡು 'ದೇ ರೆಮಿನಿಸ್ ಓವರ್ ಯೂ' ಕಾರಲ್ಲಿ ಬರ್ತಾ ಇತ್ತು. ಪಕ್ಕದಲ್ಲಿ ಮಾವ. ಮಂಗಳೂರು ಕಡೆಯ ಮದುವೆ, ಜಾತ್ರೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವವರು. ಕದ್ರಿ ಗೋಪಾಲನಾಥರನ್ನು ಬಿಟ್ಟು ಬೇರೆ ಯಾರನ್ನೂ ಹೊಗಳಿದವರಲ್ಲ.

"ಇವ ಮುಂದೆ ಹೋಗುದಿಲ್ವಾ ಮಾರಾಯ? ಅದನ್ನೇ ಊದ್ತಾ ಇದ್ದಾನಲ್ಲ!"

ಹಿಂದೆ ಕೂತಿದ್ದ ಅತ್ತೆ ಮಗ ನಕ್ಕ. ರ್‍ಯಾಪ್ ಅಂದರೆ ಬರೀ ಗಲಾಟೆ ಅನ್ನುವವನು ಅವನು, ಕೇಳುವ ತಾಳ್ಮೆಯೇ ಇಲ್ಲ. ಆದರೆ ಮಾವ ಕೇಳಿದ್ದು ಅಪ್ಪಟ ಕಲಾವಿದನ ಪ್ರಶ್ನೆ. ಮುಂದೆ ಹೋಗುದಿಲ್ವಾ?

ಹೋಗುವುದಿಲ್ಲ. ಹಾಡಿನಲ್ಲಿರುವ ಆ ಸ್ಯಾಕ್ಸೋಫೋನ್ 1967ರಲ್ಲಿ ಟಾಮ್ ಸ್ಕಾಟ್ ಎಂಬ, ಇನ್ನೂ 20 ತುಂಬದ ಹುಡುಗ ಊದಿದ್ದು. ಪೀಟ್ ರಾಕ್ ಅದರ ಒಂದು ತುಂಡು ಕತ್ತರಿಸಿ ಮತ್ತೆ ಮತ್ತೆ ಬರುವ ಹಾಗೆ ಕೂರಿಸಿದ. ಅವನ ಗೆಳೆಯ, ಹೆವಿ ಡಿ ಎಂಬ ರ್‍ಯಾಪರ್‌ನ ತಂಡದ ಡ್ಯಾನ್ಸರ್ ಟ್ರಾಯ್ ಡಿಕ್ಸನ್, 1990ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಬಿದ್ದು ತೀರಿಕೊಂಡಿದ್ದ. ಬರೀ 22 ವರ್ಷ. ಈ ಹಾಡು ಅವನ ನೆನಪಿಗೆ. ಆ ಹಳೇ ರೆಕಾರ್ಡ್ ಕೇಳಿದಾಗ ಅಳು ಬಂತು, ಮಿಕ್ಸ್ ಮಾಡುವಾಗ ಸ್ಟುಡಿಯೋದಲ್ಲಿದ್ದವರೆಲ್ಲ ಅತ್ತರು ಅಂತ ಪೀಟ್ ರಾಕ್ ಆಮೇಲೆ ಹೇಳಿದ್ದಾನೆ. ಸಾವಿನ ಸುದ್ದಿ ಕೇಳಿದವರ ತಲೆಯಲ್ಲೂ ಹೀಗೇ ಅಲ್ವಾ, ಅದೇ ಒಂದು ಗಳಿಗೆ ಸುತ್ತುತ್ತಾ ಇರುತ್ತದೆ.

ಇನ್ನು ಅದರ ಮೇಲೆ ರ್‍ಯಾಪ್ ಮಾಡುವ ಸಿ.ಎಲ್. ಸ್ಮೂತ್ ಹೇಳುವುದು ಟ್ರಾಯ್ ಬಗ್ಗೆ ಕಡಿಮೆ, ತನ್ನ ಮನೆಯವರ ಬಗ್ಗೆಯೇ ಜಾಸ್ತಿ. ತಾನು ಹುಟ್ಟಿದ ದಿನ ಅಜ್ಜ ಕುಡಿಯದೆ ಬಂದಿದ್ದು, ಮಗುವಿನ ಕೈಕಾಲು ಬೆರಳು ಎಣಿಸಿದ್ದು, ಚಿಕ್ಕ ವಯಸ್ಸಿನ ಅಮ್ಮ ಒಬ್ಬಳೇ ಸಾಕಿದ್ದು. ಗೆಳೆಯ ಹೋದಾಗ ತನ್ನನ್ನು ಬೆಳೆಸಿದವರೆಲ್ಲ ಒಟ್ಟಿಗೆ ನೆನಪಾದರು, ಅಷ್ಟೇ. ನಮ್ಮ ಶ್ರದ್ಧಾಂಜಲಿ ಸಭೆಗಳಲ್ಲಿ ಇದು ಸಿಗುವುದೇ ಇಲ್ಲ. ಸರಳ, ಸಜ್ಜನ, ಅಜಾತಶತ್ರು ಅಂತ ಹೊಗಳಿ ಹೊಗಳಿ, ಹೋದವರು ಯಾರು ಅನ್ನುವುದನ್ನೇ ಮರೆಸಿಬಿಡುತ್ತೇವೆ. ನನಗೆ ಆ ಮಾತುಗಳನ್ನು ಕೇಳಿದರೆ ಸಿಟ್ಟು ಬರುತ್ತದೆ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಸುಮ್ನೆ ಕೇಳಿದರು. ಅವರ ಜೊತೆ ಎಷ್ಟೋ ವರ್ಷ ಡೋಲು ಬಾರಿಸಿದವರು ಕೊರೋನಾ ಕಾಲದಲ್ಲಿ ಹೋದರು. ಅಂದಿನಿಂದ ಮಾವ ಅವರ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ. ಆ ದಿನ ತಾನಾಗಿ ಶುರು ಮಾಡಿದರು. ಡೋಲಿನವರ ತಾಯಿ ಮಾಡುತ್ತಿದ್ದ ಬಂಗುಡೆ ಸಾರು, ಮಳೆಯಲ್ಲಿ ಡೋಲಿಗೆ ಕೊಡೆ ಹಿಡಿದು ತಾನು ನೆನೆಯುತ್ತಿದ್ದದ್ದು, ದುಡ್ಡು ಹಂಚುವಾಗಿನ ಜಗಳ. ಊರು ಬಂದು ಕಾರು ನಿಲ್ಲಿಸಿದರೂ ಮಾವ ಇಳಿಯಲಿಲ್ಲ.

"ಊಟದಲ್ಲಿ ಹೋಳಿಗೆ ಇಲ್ಲ ಅಂತ ಗೊತ್ತಾದರೆ ಮುಗೀತು, ಆ ಮನುಷ್ಯ ಬೇಕೂಂತಲೇ ತಾಳ ಓಡಿಸ್ತಿದ್ದ. ನಾನು ಹಿಂದೆ ಓಡ್ಬೇಕು!"